ಜನವರಿಯಲ್ಲಿ ಮಂಡಗದ್ದೆ ಏಕೆ ಖಾಲಿಯಾಗಿತ್ತು?

ಓದುಗರ ಪ್ರಶ್ನೆ: ಉದ್ಯೋಗದ ನಿಮಿತ್ತ ನಾನು ಹಲವು ವರ್ಷ ಹೊನ್ನಾವರದಲ್ಲಿದ್ದೆ. ಶರಾವತಿ ಕಡಲು ಸೇರುವ ಅಳಿವೆಯ ದಂಡೆಯಲ್ಲಿ ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ಹಕ್ಕಿ ನೋಡುವ ಹವ್ಯಾಸ ಅಲ್ಲಿಯೇ ಹತ್ತಿತು. ನಿವೃತ್ತಿಯ ನಂತರ ಶಿವಮೊಗ್ಗದಲ್ಲಿ ನೆಲೆಸಿದ್ದೇನೆ. ಕಳೆದ ಜನವರಿಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಮಂಡಗದ್ದೆ ಪಕ್ಷಿಧಾಮಕ್ಕೆ ಹೋದರೆ ಒಂದೆರಡು ನೀರುಕಾಗೆಗಳ ಹೊರತು ಮರಗಳೆಲ್ಲ ಖಾಲಿ. ಹಕ್ಕಿಗಳೇ ಕಡಿಮೆಯಾಗಿವೆಯೇ, ಅಥವಾ ನಾವು ಹೋದ ಕಾಲ ತಪ್ಪಿತೇ? ಈ ಸೀಮೆಯಲ್ಲಿ ವರ್ಷದ ಯಾವ ಕಾಲಕ್ಕೆ ಎಲ್ಲಿಗೆ ಹೋಗಬೇಕು, ಏನು ಸಿದ್ಧತೆ ಬೇಕು?

ಉತ್ತರ: ನೀವು ಹೋದ ಕಾಲ ತಪ್ಪಿತು. ಆದರೆ ತಪ್ಪು ನಿಮ್ಮದೆಂದು ಹೇಳಲಾರೆ, ಏಕೆಂದರೆ ಕರಾವಳಿಯಲ್ಲಿ ಕಲಿತ ಲೆಕ್ಕವನ್ನೇ ನೀವು ಘಟ್ಟದ ಮೇಲಕ್ಕೂ ತಂದಿರಿ, ಮತ್ತು ಅಲ್ಲಿ ಆ ಲೆಕ್ಕ ಸರಿಯಾಗಿಯೇ ಇತ್ತು. ಹೊನ್ನಾವರದ ಅಳಿವೆಯಲ್ಲಿ ಚಳಿಗಾಲದಲ್ಲಿ ನೀವು ನೋಡುತ್ತಿದ್ದ ಗೊರವಗಳೂ ಕಡಲಕ್ಕಿಗಳೂ ಬಹುಪಾಲು ಉತ್ತರದ ದೂರದೇಶಗಳಲ್ಲಿ ಮರಿ ಮಾಡಿ, ಅಲ್ಲಿನ ನೆಲ ಹೆಪ್ಪುಗಟ್ಟುವ ಮೊದಲು ಹೊಟ್ಟೆಪಾಡಿಗಾಗಿ ನಮ್ಮ ತೀರಕ್ಕೆ ಬಂದವು. ಅವುಗಳ ಪಾಲಿಗೆ ಅಳಿವೆಯೆಂದರೆ ಊಟದ ಮನೆ. ಮಂಡಗದ್ದೆಯು ಇದಕ್ಕೆ ನೇರ ವಿರುದ್ಧವಾದ ಜಾಗ, ಅದು ಬಾಣಂತಿ ಮನೆ. ನಮ್ಮ ಕೆರೆ, ಹೊಳೆ, ಗದ್ದೆಗಳಲ್ಲಿ ವರ್ಷವಿಡೀ ಚದುರಿಕೊಂಡಿರುವ ಹಕ್ಕಿಗಳು ಗೂಡು ಕಟ್ಟುವುದಕ್ಕೆಂದೇ ಅಲ್ಲಿ ಒಟ್ಟುಗೂಡುತ್ತವೆ, ಮರಿಗಳು ರೆಕ್ಕೆ ಬಲಿತು ಹಾರಿದ ಮೇಲೆ ಚದುರಿಹೋಗುತ್ತವೆ. ಜನವರಿಯಲ್ಲಿ ನೀವು ಕಂಡದ್ದು ಬಾಣಂತನ ಮುಗಿದ ಮನೆಯನ್ನು.

ಹಾಗಾದರೆ ಅವು ಯಾವಾಗ ಬರುತ್ತವೆ ಎಂಬುದಕ್ಕೆ ತಿಂಗಳ ಹೆಸರಿಗಿಂತ ಮಳೆ ನಕ್ಷತ್ರದ ಹೆಸರು ಹೇಳುವುದು ಹೆಚ್ಚು ಸರಿ. ಮಲೆನಾಡಿನ ಬೇಸಾಯಗಾರರು ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಹದಿಮೂರು ಹದಿನಾಲ್ಕು ದಿನಕ್ಕೊಂದರಂತೆ ಮಳೆಯನ್ನು ಎಣಿಸುತ್ತಾರಲ್ಲವೇ, ಹಕ್ಕಿ ನೋಡುವವರಿಗೂ ಅದಕ್ಕಿಂತ ಒಳ್ಳೆಯ ಪಂಚಾಂಗವನ್ನು ನಾನು ಕಾಣೆ. ಜೂನ್ 7, 8ರ ಹೊತ್ತಿಗೆ ಮೃಗಶಿರಾ ಹುಟ್ಟುತ್ತದೆ, 21, 22ಕ್ಕೆ ಆರಿದ್ರಾ. ಆರಿದ್ರಾ ಹಿಡಿದು ಸುರಿದು ತುಂಗೆಯ ನೀರು ಕೆಂಪಾದ ಮೇಲೆ ಮಂಡಗದ್ದೆಯ ನಡುಗಡ್ಡೆಗೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಬರತೊಡಗುತ್ತವೆ. ಪುಷ್ಯ, ಆಶ್ಲೇಷ ಮಳೆಗಳ ಕಾಲಕ್ಕೆ, ಎಂದರೆ ಜುಲೈ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ಕೊಂಬೆ ಕೊಂಬೆಯಲ್ಲೂ ಗೂಡು ಕಾಣಿಸುತ್ತದೆ. ಹಸ್ತ, ಚಿತ್ತೆ ಮಳೆಗಳಿಗೆ, ಎಂದರೆ ಅಕ್ಟೋಬರಿಗೆ, ಹೆಚ್ಚಿನ ಮರಿಗಳು ಹಾರುವ ಹಂತ ಮುಟ್ಟಿರುತ್ತವೆ. ಮಳೆ ಹಿಂದೆ ಮುಂದಾದರೆ ಹಕ್ಕಿಗಳೂ ಹಿಂದೆ ಮುಂದಾಗುತ್ತವೆ.

ಇಡೀ ದೇಶದಲ್ಲಿ ಮರಗಳಿಗೂ ಹಸಿರು ದಂಡೆಗಳಿಗೂ ಬರವಿಲ್ಲದಿರುವಾಗ, ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ, ಎಕರೆಗಿಂತ ತುಸುವೇ ದೊಡ್ಡದಾದ ಆ ನಡುಗಡ್ಡೆಯನ್ನೇ ಹಕ್ಕಿಗಳು ಆರಿಸಿಕೊಂಡದ್ದೇಕೆಂದು ನೀವು ಕೇಳಬಹುದು. ಕಾರಣಗಳು ಎರಡು, ಎರಡೂ ನೀರಿನವು. ಮೊದಲನೆಯದು ಕಾವಲು. ಮಳೆಗಾಲದ ತುಂಗೆ ನಾಲ್ಕೂ ಕಡೆ ರಭಸದಿಂದ ಹರಿಯುವಾಗ ನರಿ, ಕಾಡುಬೆಕ್ಕು, ಮುಂಗುಸಿ, ಮಂಗ, ಮನುಷ್ಯ ಯಾರೂ ಅಲ್ಲಿಗೆ ಸುಲಭವಾಗಿ ದಾಟಲಾರರು; ಅದೇ ಹೊಳೆ ಬೇಸಿಗೆಯಲ್ಲಿ ಬಂಡೆ ತೋರಿಸಿಕೊಂಡು ಸೊರಗಿದಾಗ ಆ ಕಾವಲು ಇರುವುದಿಲ್ಲ. ಎರಡನೆಯದು ಆಹಾರ. ಮಲೆನಾಡಿನವರಿಗೆ ಹತ್ತುಮೀನಿನ ಶಿಕಾರಿಯನ್ನು ವಿವರಿಸಬೇಕಾಗಿಲ್ಲ. ಮೊದಲ ಜಡಿಮಳೆಗೆ ಹೊಸನೀರಿನ ವಾಸನೆ ಹಿಡಿದು ಮೀನುಗಳು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಕಾಲುವೆಗೆ ಹತ್ತಿ ಬಂದು ಮೊಟ್ಟೆಯಿಡುತ್ತವೆ. ಕಪ್ಪೆಗಳೂ ಅದೇ ದಿನಗಳಲ್ಲಿ ಗಂಟಲು ಬಿಚ್ಚುತ್ತವೆ. ಮೂರು ನಾಲ್ಕು ವಾರ ಕಳೆಯುವಷ್ಟರಲ್ಲಿ ನಾಟಿಯಾದ ಗದ್ದೆಗಳಲ್ಲೆಲ್ಲ ಮೀನುಮರಿ, ಗೊದಮೊಟ್ಟೆ, ಎಳೆಗಪ್ಪೆಗಳು ತುಂಬಿಕೊಂಡಿರುತ್ತವೆ. ಬೆಳ್ಳಕ್ಕಿಯ ಮರಿಗೆ ಹಸಿವು ಅತ್ಯಂತ ಹೆಚ್ಚಿರುವ ವಾರಗಳೂ ಗದ್ದೆಯಲ್ಲಿ ಮೀನುಮರಿ ಅತ್ಯಂತ ಹೆಚ್ಚಿರುವ ವಾರಗಳೂ ಒಂದೇ ಆಗುವಂತೆ ಗೂಡಿನ ಕಾಲ ನಿಗದಿಯಾಗಿದೆ.

ಮಂಡಗದ್ದೆಯಲ್ಲಿ ನೋಡಬೇಕಾದದ್ದನ್ನು ಒಂದೇ ಹಕ್ಕಿಯ ಮೂಲಕ ಹೇಳುತ್ತೇನೆ, ಏಕೆಂದರೆ ಒಂದು ಭೇಟಿಯಲ್ಲಿ ಎಲ್ಲವನ್ನೂ ನೋಡಲು ಹೋದವರು ಏನನ್ನೂ ನೋಡದೆ ಬರುವುದನ್ನು ಬಹಳ ಸಲ ಕಂಡಿದ್ದೇನೆ. ಆಗಸ್ಟಿನ ಒಂದು ಬೆಳಗ್ಗೆ ವೀಕ್ಷಣಾ ಗೋಪುರದ ಮೇಲೆ ನಿಂತು ಹೊಳೆಗೆ ಬಾಗಿದ ಕೊಂಬೆಯೊಂದರ ಹಾವಕ್ಕಿ ಗೂಡನ್ನು ಹುಡುಕಿಕೊಳ್ಳಿ. ಗೂಡೆಂದರೆ ಒಣಕಡ್ಡಿಗಳ ಒರಟು ಅಟ್ಟ. ಮರಿಗಳಿಗೆ ಬೆಣ್ಣೆಬಿಳುಪಿನ ತುಪ್ಪುಳು, ಮೈಗೆ ಹೊಂದದಷ್ಟು ಉದ್ದನೆಯ ಕತ್ತು. ದೊಡ್ಡ ಹಕ್ಕಿ ನೀರಿನಲ್ಲಿ ಈಜುವಾಗ ಮೈಯೆಲ್ಲ ಮುಳುಗಿ ಕತ್ತೊಂದೇ ಮೇಲೆ ಆಡುತ್ತದೆ, ಹಾವಕ್ಕಿಯೆಂಬ ಹೆಸರು ಬಂದದ್ದು ಅದರಿಂದಲೇ. ಮುಳುಗಿದಾಗ ಅದು ಮೀನನ್ನು ಕಚ್ಚುವುದಿಲ್ಲ, ಮುಚ್ಚಿದ ಕೊಕ್ಕಿನಿಂದ ಭರ್ಜಿಯಂತೆ ತಿವಿಯುತ್ತದೆ. ಮೇಲೆ ಬಂದು ಮೀನನ್ನು ಗಾಳಿಗೆ ಚಿಮ್ಮಿ, ತಲೆ ಮೊದಲಾಗಿ ನುಂಗುತ್ತದೆ. ಅದರ ಗರಿಗಳು ನೀರನ್ನು ಹೀರಿಕೊಳ್ಳುವಂಥವು. ಮುಳುಗುವುದಕ್ಕೆ ಅದರಿಂದ ಅನುಕೂಲವೇ ಆದರೂ, ದಡಕ್ಕೆ ಬಂದ ಮೇಲೆ ಎರಡೂ ರೆಕ್ಕೆ ಹರಡಿ ಬಿಸಿಲಿಗೋ ಗಾಳಿಗೋ ಒಣಗಿಸಿಕೊಳ್ಳಲೇಬೇಕು. ಆಶ್ಲೇಷ ಮಳೆಯ ದಿನಗಳಲ್ಲಿ ಮೋಡ ಒಡೆದು ಹತ್ತು ನಿಮಿಷ ಬಿಸಿಲು ಬಿದ್ದರೆ, ನಡುಗಡ್ಡೆಯ ಹಾವಕ್ಕಿಗಳೂ ನೀರುಕಾಗೆಗಳೂ ಒಟ್ಟಿಗೇ ರೆಕ್ಕೆ ಬಿಚ್ಚುತ್ತವೆ. ಮರಕ್ಕೆ ಮರವೇ ಕಪ್ಪು ಬಟ್ಟೆ ಒಣಹಾಕಿದಂತೆ ಕಾಣುವ ಆ ಹತ್ತು ನಿಮಿಷಕ್ಕಾಗಿ ನಾನು ಮೂರು ಗಂಟೆ ಮಳೆಯಲ್ಲಿ ನಿಂತದ್ದುಂಟು, ಇನ್ನೂ ನಿಲ್ಲುತ್ತೇನೆ.

ತಾಯಿಯೋ ತಂದೆಯೋ ಗೂಡಿಗೆ ಬಂದಾಗ ಮರಿ ತನ್ನ ತಲೆಯನ್ನೇ ಅದರ ಗಂಟಲಿನೊಳಗೆ ತೂರಿಸಿ ಅರೆಜೀರ್ಣವಾದ ಮೀನನ್ನು ಎಳೆದುಕೊಳ್ಳುತ್ತದೆ. ಮೊದಲ ಸಲ ನೋಡಿದವರಿಗೆ ಮರಿಯನ್ನೇ ನುಂಗುತ್ತಿದೆಯೇನೋ ಎಂದು ಗಾಬರಿಯಾಗುತ್ತದೆ. ಮೊಮ್ಮಗಳಿಗೆ ಮುಂಚೆಯೇ ಹೇಳಿಡಿ. ಪಕ್ಕದ ಕೊಂಬೆಯ ಬೆಳ್ಳಕ್ಕಿಗಳ ಕೊಕ್ಕನ್ನೂ ಗಮನಿಸಲು ಹೇಳಿ. ಬೇಸಿಗೆಯಲ್ಲಿ ಗದ್ದೆಯಲ್ಲಿ ಹಳದಿ ಕೊಕ್ಕಿನೊಂದಿಗೆ ನಿಲ್ಲುವ ಮಧ್ಯಮ ಗಾತ್ರದ ಬೆಳ್ಳಕ್ಕಿಗೆ ಗೂಡಿನ ಕಾಲದಲ್ಲಿ ಕೊಕ್ಕು ಕಪ್ಪಾಗುತ್ತದೆ, ಬೆನ್ನು ಮತ್ತು ಎದೆಯಿಂದ ನೂಲೆಳೆಯಂಥ ಗರಿಗಳು ಇಳಿಬೀಳುತ್ತವೆ. ಒಂದೇ ಹಕ್ಕಿ ಎರಡು ಕಾಲದಲ್ಲಿ ಎರಡು ಜಾತಿಯಂತೆ ಕಂಡು ಹೊಸಬರನ್ನು ಮೋಸಗೊಳಿಸುವುದು ಇಲ್ಲಿಯೇ.

ಗೂಡಿನ ಕಾಲದಲ್ಲಿ ಅಲ್ಲಿ ಸದ್ದು ಮಾಡುವುದನ್ನು ನಾನು ಕಠಿಣವಾಗಿಯೇ ವಿರೋಧಿಸುತ್ತೇನೆ. ಗದ್ದಲಕ್ಕೆ ಬೆದರಿದ ನೀರುಕಾಗೆ, ಹಾವಕ್ಕಿಗಳ ಮರಿಗಳು ಗೂಡಿನಿಂದ ನೇರವಾಗಿ ನೀರಿಗೆ ಬೀಳುತ್ತವೆ. ನಿಂತ ನೀರಾದರೆ ಅವು ಈಜಿ, ಮರ ಹತ್ತಿ ಗೂಡು ಸೇರಬಲ್ಲವು. ತುಂಗೆಯ ಮಳೆಗಾಲದ ಸೆಳವಿನಲ್ಲಿ ಎಷ್ಟೋ ಮರಿಗಳಿಗೆ ಅದು ಸಾಧ್ಯವಾಗದು. ಬಸ್ಸಿನಿಂದ ಇಳಿದು ಚಪ್ಪಾಳೆ ತಟ್ಟಿ, ಎಲ್ಲ ಒಟ್ಟಿಗೆ ಹಾರಿದ ಚಿತ್ರ ತೆಗೆದುಕೊಂಡು ಹೋಗುವವರಿಗೆ ಆ ಚಿತ್ರದ ಬೆಲೆ ಏನೆಂದು ತಿಳಿದಿರುವುದಿಲ್ಲ. ಯಾರಾದರೂ ಹಾಗೆ ಮಾಡುತ್ತಿದ್ದರೆ ಸಂಕೋಚಪಡದೆ ಹೇಳಿ; ಹೇಳಿದರೆ ಬಹುತೇಕರು ನಿಲ್ಲಿಸುತ್ತಾರೆ.

ಹಕ್ಕಿಗಳು ಕಡಿಮೆಯಾಗಿವೆಯೇ ಎಂಬ ನಿಮ್ಮ ಪ್ರಶ್ನೆಗೆ ಒಂದು ಜನವರಿಯ ಭೇಟಿಯಿಂದ ಉತ್ತರ ಸಿಗದು, ಒಂದು ಆಗಸ್ಟಿನ ಭೇಟಿಯಿಂದಲೂ ಸಿಗದು. ಹೊಳೆ ದಂಡೆ ಮೀರಿ ಬಂದ ವರ್ಷ ಕೆಳಗಿನ ಕೊಂಬೆಗಳ ಗೂಡುಗಳು ಕೊಚ್ಚಿಹೋಗುತ್ತವೆ, ಮಳೆ ತಡವಾದ ವರ್ಷ ಗೂಡಿನ ಕೆಲಸವೇ ತಡವಾಗುತ್ತದೆ. ಪ್ರತಿವರ್ಷ ಒಂದೇ ಮಳೆ ನಕ್ಷತ್ರದಲ್ಲಿ, ಗೋಪುರದ ಅದೇ ಮೂಲೆಯಲ್ಲಿ ನಿಂತು, ಕಾಣುವ ಮರಗಳನ್ನು ನಾಲ್ಕೈದು ಭಾಗ ಮಾಡಿಕೊಂಡು, ಹಕ್ಕಿ ಕುಳಿತಿರುವ ಗೂಡುಗಳನ್ನು ಜಾತಿವಾರು ಎಣಿಸಿ ಬರೆದಿಡಿ. ನಿವೃತ್ತರಿಗೆ ಇದಕ್ಕಿಂತ ತಕ್ಕ ಕೆಲಸವನ್ನು ನಾನು ಸೂಚಿಸಲಾರೆ, ಏಕೆಂದರೆ ಇದಕ್ಕೆ ಬೇಕಾದದ್ದು ದುಬಾರಿ ಸಲಕರಣೆಯಲ್ಲ, ಐದು ವರ್ಷ ಬಿಡದೆ ಹೋಗುವ ಪುರಸೊತ್ತು.

ಮಂಡಗದ್ದೆಯ ಜೊತೆಗೇ ಹೇಳಬೇಕಾದ ಇನ್ನೊಂದು ಹೆಸರು ಸೊರಬ ತಾಲ್ಲೂಕಿನ ಗುಡವಿ. ಸೊರಬದಿಂದ ಬನವಾಸಿಯ ಕಡೆಗೆ ಸುಮಾರು 16 ಕಿಲೋಮೀಟರ್ ದೂರದಲ್ಲಿರುವ ಈ ಕೆರೆಯ ಪಕ್ಷಿಧಾಮದ ವಿಸ್ತೀರ್ಣ 0.74 ಚದರ ಕಿಲೋಮೀಟರ್. ಮಳೆನೀರು ತುಂಬಿದಾಗ ಕೆರೆಯೊಳಗಿನ ಮರಗಳು ಸೊಂಟದವರೆಗೆ ಮುಳುಗಿ ನಿಲ್ಲುತ್ತವೆ, ಅವುಗಳ ಮೇಲೆ ಕರಿತಲೆಯ ಕೆಂಬರಲುಗಳು ಗೂಡು ಕಟ್ಟುತ್ತವೆ. ಹೊಳೆಗೂ ಕೆರೆಗೂ ಇರುವ ವ್ಯತ್ಯಾಸ ಹಕ್ಕಿಗಳಲ್ಲಿ ಕಾಣುತ್ತದೆ: ಗುಡವಿಯ ನೀರು ನಿಂತ ನೀರಾದ್ದರಿಂದ ಎಲೆಗಳ ಮೇಲೆ ನಡೆಯುವ ದೇವನಕ್ಕಿ, ಗುಳುಮುಳುಕ, ನೇರಳೆ ಜಂಬುಕೋಳಿಗಳೂ ಅಲ್ಲಿವೆ. ಮರಿಗಳನ್ನು ನೋಡಲು ಆಗಸ್ಟ್, ಸೆಪ್ಟೆಂಬರ್ ಒಳ್ಳೆಯದು. ನವೆಂಬರಿನ ನಂತರ ಹೋದರೂ ಇಲ್ಲಿ ಪೂರ್ತಿ ಬರಿಗೈಯಲ್ಲಿ ಮರಳಬೇಕಾಗದು.

ಮಳೆಗಾಲದಲ್ಲಿ ಕಾಡಿನೊಳಗೆ ಹಕ್ಕಿ ನೋಡುವುದು ಕಷ್ಟ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಮೋಡ ನೆಲಕ್ಕೇ ಇಳಿದಾಗ ಬೈನಾಕ್ಯುಲರಿನಲ್ಲಿ ಕಾಣುವುದು ಬಿಳುಪು ಮಾತ್ರ. ಆದರೆ ಕಿವಿಗೆ ಅದು ಸುಗ್ಗಿ. ಬೆಳಕು ಹರಿಯುವ ಮುನ್ನ ಹಳ್ಳದ ಸದ್ದಿನ ಮೇಲೆ ತೇಲಿ ಬರುವ ಸಿಳ್ಳಾರದ ಹಾಡನ್ನು ಕೇಳಿದವರು, ಯಾರೋ ಹುಡುಗ ಗುರಿಯಿಲ್ಲದೆ ಶಿಳ್ಳೆ ಹಾಕುತ್ತ ತೋಟದ ದಾರಿಯಲ್ಲಿ ಹೋಗುತ್ತಿದ್ದಾನೆ ಎಂದೇ ತಿಳಿಯುತ್ತಾರೆ. ರಾಗ ಶುರುವಾಗುತ್ತದೆ, ಒಂದು ನೆಲೆಗೆ ಬಂತೆನ್ನುವಾಗ ಬೇರೆ ಕಡೆ ಹೊರಳುತ್ತದೆ, ಮುಗಿಯದೆ ನಿಲ್ಲುತ್ತದೆ. ಆ ಹಾಡು ಜೋರಾಗಿ ಕೇಳುವುದು ಮಳೆಗಾಲದಲ್ಲಿಯೇ, ಏಕೆಂದರೆ ಅದರ ಗೂಡಿನ ಕಾಲವೂ ಅದೇ, ಗೂಡಿರುವುದೂ ಹರಿವ ಹಳ್ಳದ ಬಂಡೆಯ ಸಂದಿನಲ್ಲಿ. ಘಟ್ಟದ ಅಂಚಿನ ಊರುಗಳಲ್ಲಿ ನೆಂಟರಿದ್ದರೆ ಜುಲೈಯಲ್ಲಿ ಒಂದು ರಾತ್ರಿ ಉಳಿದು ನಸುಕಿನಲ್ಲಿ ಜಗಲಿಯ ಮೇಲೆ ಕುಳಿತರೆ ಸಾಕು. ಪೂರ್ವದ ಬಯಲಿಗೆ ಇಳಿದರೆ, ಶಿಕಾರಿಪುರದ ಕಡೆ, ಬಾವಿಗೆ ಬಾಗಿದ ಮರಗಳಲ್ಲಿ ಗೀಜಗಗಳು ಹಸಿರು ಹುಲ್ಲಿನೆಳೆ ಸೀಳಿ ತಂದು ನೇಯುವುದನ್ನು ಅದೇ ದಿನಗಳಲ್ಲಿ ನೋಡಬಹುದು.

ನಿಮ್ಮ ಹಳೆಯ ಪರಿಚಯದ ಚಳಿಗಾಲದ ವಲಸೆ ಹಕ್ಕಿಗಳು ಇಲ್ಲಿಗೂ ಬರುತ್ತವೆ, ಆದರೆ ಕಡಲದಂಡೆಯಂತೆ ಸಾವಿರಗಟ್ಟಲೆ ಕೂಡಿ ಅಲ್ಲ, ಒಂದೊಂದಾಗಿ, ಸದ್ದಿಲ್ಲದೆ. ಎಲ್ಲಕ್ಕಿಂತ ಮೊದಲು ಬರುವವುಗಳಲ್ಲಿ ಬೂದು ಬಣ್ಣದ ಕುಂಡೆಕುಸ್ಕ ಒಂದು. ಹಿಮಾಲಯದ ತೊರೆಗಳಲ್ಲಿ ಮರಿ ಮಾಡಿ, ಹುಬ್ಬ, ಉತ್ತರೆ ಮಳೆಗಳ ಸುಮಾರಿಗೆ, ಎಂದರೆ ಸೆಪ್ಟೆಂಬರಿನಲ್ಲಿ, ಘಟ್ಟದ ರಸ್ತೆಯ ಮೋರಿಗಳ ಬಳಿ, ತೋಟದ ಕಾಲುವೆಯಲ್ಲಿ, ಹಳ್ಳದ ಕಲ್ಲಿನ ಮೇಲೆ ಬಾಲ ಕುಣಿಸುತ್ತ ಅದು ಪ್ರತ್ಯಕ್ಷವಾಗುತ್ತದೆ. ಹೊಟ್ಟೆಯಡಿಯ ಹಳದಿ ಮತ್ತು ಉದ್ದನೆಯ ಬಾಲ ಅದರ ಗುರುತು. ಪ್ರತಿವರ್ಷ ಅದನ್ನು ಮೊದಲ ಬಾರಿ ಕಂಡ ದಿನಾಂಕವನ್ನು ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ, ನಮ್ಮ ಮನೆಯಲ್ಲಿ ಅದು ಹಬ್ಬದ ದಿನದಷ್ಟೇ ಎದುರುನೋಡುವ ದಿನ.

ಅದರ ಹಿಂದೆಯೇ ಅಕ್ಟೋಬರಿನಲ್ಲಿ ನವರಂಗ ಬರುತ್ತದೆ. ಮೈಮೇಲೆ ಅಷ್ಟೊಂದು ಬಣ್ಣಗಳಿದ್ದರೂ ಅದು ಕಾಣಸಿಗುವುದು ಅಪರೂಪ, ಏಕೆಂದರೆ ಅದು ನೆಲದ ಹಕ್ಕಿ. ಕಾನಿನ ಅಂಚಿನಲ್ಲಿ, ಸೊಪ್ಪಿನ ಬೆಟ್ಟದಲ್ಲಿ, ಮನೆಯ ಹಿಂದಿನ ಪೊದೆಯ ಕೆಳಗೆ ದರಗು, ಎಂದರೆ ಉದುರಿದ ಒಣ ಎಲೆ, ಕೆದಕುತ್ತ ಹುಳ ಹುಡುಕುತ್ತದೆ. ಆದರೆ ಬೆಳಗಿನ ನಸುಕಿನಲ್ಲೂ ಸಂಜೆಯ ಮಬ್ಬಿನಲ್ಲೂ ಎರಡು ಸ್ವರದ ಸ್ಪಷ್ಟವಾದ ಶಿಳ್ಳೆ ಹಾಕುತ್ತದೆ, ಹೆಚ್ಚು ಕಡಿಮೆ ಅದೇ ಹೊತ್ತಿಗೆ, ಅದೇ ಮೂಲೆಯಿಂದ. ಆ ಶಿಳ್ಳೆ ಕೇಳಿದ ಜಾಗದ ಎದುರು ಮರುದಿನ ಕಾಲು ಗಂಟೆ ಮೊದಲೇ ಹೋಗಿ ಅಲುಗದೆ ಕುಳಿತರೆ ಅದು ಕುಪ್ಪಳಿಸಿಕೊಂಡು ಎದುರಿಗೇ ಬರುತ್ತದೆ. ಏಪ್ರಿಲ್ ಕಳೆಯುವಷ್ಟರಲ್ಲಿ ಮತ್ತೆ ಉತ್ತರಕ್ಕೆ ಹೊರಟುಬಿಡುತ್ತದೆ. ಚಳಿಗಾಲದ ಕಾಡಿನಲ್ಲಿ ಇನ್ನೊಂದು ಸಂಗತಿಗೂ ಕಾಯಬೇಕು. ಅರ್ಧ ಗಂಟೆ ನಡೆದರೂ ಒಂದು ಹಕ್ಕಿಯ ಸುಳಿವಿರುವುದಿಲ್ಲ, ಥಟ್ಟನೆ ಸುತ್ತಲಿನ ಮರಗಳೆಲ್ಲ ಜೀವಗೊಳ್ಳುತ್ತವೆ: ಚಿತ್ರಪಕ್ಷಿ, ಮರಕುಟಿಗ, ಎಲೆ ಉಲಿಯಕ್ಕಿ, ಹರಟೆಮಲ್ಲ, ಇವುಗಳ ನಡುವೆ ಬಾಲದ ತುದಿಗೆ ಎರಡು ಗರಿಯ ಬಿಲ್ಲೆ ಕಟ್ಟಿಕೊಂಡ ಭೀಮರಾಜ, ಎಲ್ಲ ಒಂದೇ ಹಿಂಡಾಗಿ ಮೇಯುತ್ತ ಸಾಗುತ್ತವೆ. ಹಿಂದೆ ಓಡಬೇಡಿ. ಹಿಂಡು ಹೋಗುತ್ತಿರುವ ದಿಕ್ಕು ನೋಡಿಕೊಂಡು ಮುಂದೆ ಹೋಗಿ ನಿಂತರೆ ಅದು ನಿಮ್ಮನ್ನು ಹಾದುಹೋಗುತ್ತದೆ.

ಫೆಬ್ರವರಿ ಬಂತೆಂದರೆ ನಡೆಯುವುದನ್ನೂ ಬಿಟ್ಟು ಒಂದು ಮರದ ಕೆಳಗೆ ಕುಳಿತುಬಿಡಿ. ಎಲೆಯುದುರಿಸಿ ಹೂವೊಂದನ್ನೇ ಹೊತ್ತು ನಿಂತ ಬೂರುಗವೋ ಹಾಲವಾಣವೋ ಮುತ್ತುಗವೋ ಆದರೆ ಸಾಕು. ಬೂರುಗದ ಹೂವು ಅಂಗೈಯಗಲದ್ದು, ಬಟ್ಟಲಿನಂಥದ್ದು, ಅದರಲ್ಲಿ ಬೆಳಗ್ಗೆ ಮಕರಂದ ತುಂಬಿರುತ್ತದೆ. ಸೂರಕ್ಕಿ, ಪಿಕಳಾರ, ಎಲೆಹಕ್ಕಿ, ಗೊರವಂಕ, ಕಾಜಾಣ, ಗಿಳಿ ಒಂದರ ಹಿಂದೊಂದು ಬರುತ್ತವೆ. ಮಕರಂದಕ್ಕೆ ಬಂದ ಹುಳುಗಳಿಗಾಗಿ ಬರುವ ಹಕ್ಕಿಗಳು ಬೇರೆ. ಹೂವಿನೊಳಗೆ ಮುಖ ತೂರಿಸಿದ ಗೊರವಂಕ ತಲೆಯೆತ್ತಿದಾಗ ಹಣೆಯೆಲ್ಲ ಹಳದಿ ಪರಾಗ ಮೆತ್ತಿರುತ್ತದೆ, ಅದನ್ನು ಹೊತ್ತುಕೊಂಡೇ ಮುಂದಿನ ಮರಕ್ಕೆ ಹಾರುತ್ತದೆ. ಒಂದೇ ಮರದ ಕೆಳಗೆ ಎರಡು ಗಂಟೆ ಕುಳಿತು ಮೊಮ್ಮಗಳು ಹದಿನೈದು ಜಾತಿ ಎಣಿಸಬಹುದು, ಕಾಡು ಮೇಡು ಅಲೆಯಬೇಕಾಗಿಲ್ಲ.

ಮಂಗಟ್ಟೆಗಳು ಗೂಡಿಗೆ ಕೂರುವುದೂ ಈ ಒಣ ತಿಂಗಳುಗಳಲ್ಲಿಯೇ. ಹೆಣ್ಣು ಮರದ ಪೊಟರೆಯೊಳಗೆ ಹೊಕ್ಕು ಬಾಯಿಯನ್ನು ಮೆತ್ತಿ ಮುಚ್ಚಿಕೊಳ್ಳುತ್ತದೆ, ಕೊಕ್ಕು ತೂರುವಷ್ಟೇ ಸೀಳು ಬಿಟ್ಟು. ಗಂಡು ಅತ್ತಿ, ಬಸರಿ, ಗೋಳಿಯ ಹಣ್ಣುಗಳನ್ನು ತಂದು ಉಣಿಸುತ್ತದೆ. ಆ ಗಂಡಿಗೆ ಏನಾದರೂ ಆದರೆ ಒಳಗಿನ ಇಡೀ ಸಂಸಾರಕ್ಕೆ ಸಂಚಕಾರ. ಆದ್ದರಿಂದ ಪೊಟರೆ ಎಲ್ಲಿದೆಯೆಂದು ಗೊತ್ತಾದರೆ ದೂರದಿಂದ ನೋಡಿ ಬನ್ನಿ, ಆ ಜಾಗವನ್ನು ಯಾರಿಗೂ ಹೇಳಬೇಡಿ.

ಇಲ್ಲಿ ಒಂದು ಗಂಭೀರವಾದ ಎಚ್ಚರಿಕೆಯನ್ನು ಹೇಳಲೇಬೇಕು. ಡಿಸೆಂಬರಿನಿಂದ ಮೇ ತನಕ ನಮ್ಮ ಕಾಡುಗಳಲ್ಲಿ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಅದು ಮೊದಲು ಗುರುತಾದದ್ದು ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ವೈರಸ್ಸನ್ನು ಹರಡುವುದು ಉಣುಗು, ಎಂದರೆ ರಕ್ತ ಹೀರುವ ಉಣ್ಣೆ, ಮನುಷ್ಯನಿಗೆ ಹೆಚ್ಚಾಗಿ ಕಚ್ಚುವುದು ಕಣ್ಣಿಗೆ ಕಾಣದಷ್ಟು ಸಣ್ಣದಾದ ಎಳೆಯ ಉಣುಗು, ಅದು ಇರುವುದು ಒಣ ದರಗಿನಲ್ಲಿ. ಎಂದರೆ ಹಕ್ಕಿಗಾಗಿ ನಾವು ಅಲುಗದೆ ಕೂರುವ ಜಾಗದಲ್ಲಿಯೇ. ಹಕ್ಕಿ ನೋಡುವವರಿಗೆ ಈ ಕಾಯಿಲೆಯೊಂದಿಗೆ ಇನ್ನೊಂದು ನಂಟೂ ಇದೆ. ಈ ವೈರಸ್ಸು ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮೆದುಳುಜ್ವರದ ವೈರಸ್ಸಿಗೆ ಹತ್ತಿರದ್ದೆಂದು ತಿಳಿದಾಗ, ಉತ್ತರದಿಂದ ಬರುವ ವಲಸೆ ಹಕ್ಕಿಗಳೇ ಅದನ್ನು ತಂದಿರಬಹುದೇ ಎಂಬ ಅನುಮಾನ ಹುಟ್ಟಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಲೀಂ ಅಲಿಯವರ ಮುಂದಾಳುತನದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯಕ್ರಮವನ್ನು ನಡೆಸಿದುದಕ್ಕೆ ಈ ಅನುಮಾನವೂ ಒಂದು ಕಾರಣವಾಗಿತ್ತು. ವಲಸೆಯ ದಾರಿಗಳ ಬಗ್ಗೆ ನಮಗಿರುವ ತಿಳಿವಳಿಕೆಯ ಒಂದು ಪಾಲು ಹೀಗೆ ನಮ್ಮ ಸೊರಬದ ಜ್ವರದಿಂದ ಬಂದದ್ದು. ಈ ತಿಂಗಳುಗಳಲ್ಲಿ ಕಾಡಿಗೆ ಹೋಗುವಾಗ ತುಂಬುತೋಳಿನ ಅಂಗಿ ತೊಟ್ಟು, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ದರಗಿನ ಮೇಲೆ ಕೂರಬೇಡಿ, ಮಡಚುವ ಕುರ್ಚಿ ಒಯ್ಯಿರಿ. ಮರಳಿದ ಕೂಡಲೇ ಬಿಸಿನೀರು, ಸೋಪಿನಲ್ಲಿ ಮೈ ತೊಳೆದು ಬಟ್ಟೆ ನೆನೆಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮಂಗ ಸತ್ತ ಸುದ್ದಿಯಿರುವ ಕಾಡಿಗೆ ಆ ವರ್ಷ ಹೋಗಲೇಬೇಡಿ. ಕಾಡಿಗೆ ಹೋಗಿ ಬಂದ ವಾರದಲ್ಲಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದನ್ನು ಮೊದಲು ಹೇಳಿ.

ಇನ್ನು ಬೇಸಿಗೆ. ನಿಮಗೆ ಕಡಲ ನೆನಪು ಬಂದರೆ ಹೋಗಬೇಕಾದದ್ದು ಭದ್ರಾ ಜಲಾಶಯಕ್ಕೆ, ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಗೆ. ಶಿವಮೊಗ್ಗದಿಂದ ಹೆಚ್ಚು ದೂರವಿಲ್ಲ. ಕಡಲದಂಡೆಯಲ್ಲಿ ನೀವು ನೋಡಿದ ರೀವಗಳ ಹತ್ತಿರದ ನೆಂಟ ಹೊಳೆ ರೀವ: ಕರಿಯ ಟೋಪಿ, ಕಿತ್ತಳೆ ಹಳದಿಯ ಕೊಕ್ಕು, ಕೆಂಪು ಕಾಲು, ಕವಲೊಡೆದ ಉದ್ದ ಬಾಲ. ಮಳೆಗಾಲ ಮುಗಿದಾಗ ತುಂಬಿ ನಿಂತ ಜಲಾಶಯದ ನೀರು ನಾಲೆಗೆ ಹರಿದು ಇಳಿಯುತ್ತ ಬಂದಂತೆ, ಮುಳುಗಿದ್ದ ಗುಡ್ಡಗಳ ನೆತ್ತಿಗಳು ಬೋಳು ದ್ವೀಪಗಳಾಗಿ ಮೇಲೇಳುತ್ತವೆ. ಫೆಬ್ರವರಿಯ ಹೊತ್ತಿಗೆ ರೀವಗಳು ಗುಂಪು ಗುಂಪಾಗಿ ಆ ದ್ವೀಪಗಳಿಗೆ ಬಂದು, ಗೂಡಿನ ಗೋಜಿಗೇ ಹೋಗದೆ, ಜಲ್ಲಿನ ನೆಲದ ಸಣ್ಣ ತಗ್ಗಿನಲ್ಲಿ ಎರಡು ಮೂರು ಮೊಟ್ಟೆ ಇಡುತ್ತವೆ. ಏಪ್ರಿಲ್ ಬಿಸಿಲಿನಲ್ಲಿ ಆ ನೆಲ ಕಾದ ಕಾವಲಿ. ಹಕ್ಕಿ ಕೂರುವುದು ಕಾವು ಕೊಡಲಿಕ್ಕಲ್ಲ, ನೆರಳು ಕೊಡಲಿಕ್ಕೆ. ನಡುನಡುವೆ ಹಾರಿ ಹೋಗಿ ಹೊಟ್ಟೆಯ ಗರಿಗಳನ್ನು ನೀರಿಗೆ ತಾಗಿಸಿ, ಆ ಒದ್ದೆಯನ್ನು ಹೊತ್ತು ತಂದು ಮೊಟ್ಟೆಯ ಮೇಲೆ ಕೂರುವುದನ್ನು ದೂರದ ದೋಣಿಯಿಂದ ಬೈನಾಕ್ಯುಲರಿನಲ್ಲಿ ನೋಡಬಹುದು. ದೋಣಿ ದ್ವೀಪಕ್ಕೆ ಹತ್ತಿರವಾದರೆ ಹಕ್ಕಿಗಳೆಲ್ಲ ಎದ್ದು ಕೂಗುತ್ತ ಸುತ್ತುತ್ತವೆ, ಅಷ್ಟರಲ್ಲಿ ಕೆಳಗೆ ಮೊಟ್ಟೆ ಬಿಸಿಲಿಗೆ ಬೇಯುತ್ತಿರುತ್ತದೆ. ಆದ್ದರಿಂದ ಅಂಬಿಗ ಹತ್ತಿರ ಒಯ್ಯಲೇ ಎಂದು ಕೇಳಿದರೆ ಬೇಡವೆನ್ನಿ.

ಯಾವಾಗ ಹೋಗಬೇಕೆಂಬುದಕ್ಕೆ ಪತ್ರಿಕೆಯಲ್ಲಿ ದಿನವೂ ಬರುವ ಜಲಾಶಯದ ಮಟ್ಟವೇ ಸೂಚನೆ. ಭದ್ರೆಯ ಪೂರ್ಣ ಮಟ್ಟ 186 ಅಡಿ. ಆ ಅಂಕಿ ಇಳಿಯತೊಡಗಿದ ಮೇಲೆ ವಾರ ವಾರ ಗಮನಿಸುತ್ತಿರಿ. ಗಂಗಾಮೂಲದಲ್ಲಿ ಒಟ್ಟಿಗೆ ಹುಟ್ಟಿ ಕೂಡ್ಲಿಯಲ್ಲಿ ಮತ್ತೆ ಒಂದಾಗುವ ಎರಡು ಹೊಳೆಗಳಲ್ಲಿ, ತುಂಗೆಯ ಹಕ್ಕಿಗಳು ನೀರು ಏರಿದಾಗ ಗೂಡು ಕಟ್ಟುತ್ತವೆ, ಭದ್ರೆಯವು ನೀರು ಇಳಿದಾಗ. ಎರಡಕ್ಕೂ ಬೇಕಾದದ್ದು ಒಂದೇ, ಸುತ್ತ ನೀರಿರುವ ನೆಲ. ಜೂನಿನಲ್ಲಿ ಮಳೆ ಹಿಡಿದು ಭದ್ರೆಯ ದ್ವೀಪಗಳು ಮುಳುಗುವ ಹೊತ್ತಿಗೆ ರೀವದ ಮರಿಗಳು ಹಾರಿರಬೇಕು, ಅದೇ ಮಳೆಗೆ ಮಂಡಗದ್ದೆಯಲ್ಲಿ ಮೊದಲ ಕಡ್ಡಿ ಬೀಳುತ್ತದೆ. ನಿಮ್ಮ ವರ್ಷದ ಓಡಾಟವನ್ನು ಈ ಎರಡು ಜಾಗಗಳ ನಡುವೆ ಹಾಕಿಕೊಂಡರೆ ಉಳಿದದ್ದೆಲ್ಲ ದಾರಿಯಲ್ಲಿಯೇ ಸಿಗುತ್ತದೆ.

ಸಲಕರಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೈನಾಕ್ಯುಲರ್ ಕೊಳ್ಳುವುದಾದರೆ 8 ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಮಸೂರದ್ದನ್ನು ಕೊಳ್ಳಿ. ಮಲೆನಾಡಿನ ಕಾಡಿನ ಮಬ್ಬುಬೆಳಕಿಗೆ ದೊಡ್ಡ ಮಸೂರ ಬೇಕು. 10 ಪಟ್ಟಿನದು ದೋಣಿಯಲ್ಲಿ ಚಿತ್ರವನ್ನು ಬಹಳ ನಡುಗಿಸುತ್ತದೆ. ನೀರು ಒಳಹೋಗದಂತೆ ಮುಚ್ಚಿದ ಮಾದರಿಯೇ ಆಗಿರಲಿ. ನನ್ನ ಮೊದಲ ಬೈನಾಕ್ಯುಲರನ್ನು ಒಂದು ಆಗಸ್ಟಿನಲ್ಲಿ ಚರ್ಮದ ಚೀಲದಲ್ಲಿಯೇ ಬಿಟ್ಟಿದ್ದೆ. ತೆಗೆದಾಗ ಮಸೂರದೊಳಗೆ ಜೇಡನ ಬಲೆಯಂತೆ ಬೂಷ್ಟು ಹರಡಿತ್ತು, ಅದು ಮತ್ತೆ ಸರಿಹೋಗಲಿಲ್ಲ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಇಂಬಳಗಳಿಗೆ ಮೊಣಕಾಲುದ್ದದ ಬಟ್ಟೆಯ ಕಾಲುಚೀಲ ಸಾಕು. ಮೊಬೈಲಿನಲ್ಲಿ ದನಿ ಕೇಳಿ ಹಕ್ಕಿಯ ಹೆಸರು ಹೇಳುವ ತಂತ್ರಾಂಶಗಳು ಉಪಯುಕ್ತವೇ ಆದರೂ, ಭೀಮರಾಜ ಬೇರೆ ಹಕ್ಕಿಗಳ ದನಿಯನ್ನು ತದ್ರೂಪು ಅನುಕರಿಸುವುದರಿಂದ, ಕಣ್ಣಾರೆ ಕಾಣುವವರೆಗೆ ಆ ಹೆಸರನ್ನು ಪೆನ್ಸಿಲಿನಲ್ಲಿ ಮಾತ್ರ ಬರೆಯಿರಿ. ನೋಡಿದ್ದನ್ನು ದಿನಾಂಕ, ಜಾಗ, ಸಂಖ್ಯೆಯ ಸಮೇತ ಇ-ಬರ್ಡ್ ತಾಣಕ್ಕೂ ಸೇರಿಸಿದರೆ ನಿಮ್ಮ ಪುಸ್ತಕದ ಲೆಕ್ಕ ಇತರರಿಗೂ ಸಿಗುತ್ತದೆ.

ಮೊಮ್ಮಗಳ ವಿಷಯಕ್ಕೆ ಬಂದರೆ, ಅವಳನ್ನು ಮಂಡಗದ್ದೆಗೆ ಇನ್ನೊಮ್ಮೆ ಕರೆದೊಯ್ಯಲು ಆಗಸ್ಟಿನ ಎರಡನೆಯ ವಾರವನ್ನು ಇಟ್ಟುಕೊಳ್ಳಿ, ಆಶ್ಲೇಷ ಮಳೆ ನಡೆಯುತ್ತಿರುತ್ತದೆ. ಬೆಳಗ್ಗೆ ಏಳಕ್ಕೆ ಗೋಪುರದ ಮೇಲಿರುವಂತೆ ಹೊರಡಿ. ಕೊಡೆಗಿಂತ ರೇನ್‌ಕೋಟು ಒಳ್ಳೆಯದು, ಎರಡೂ ಕೈ ಬಿಡುವಾಗಿರುತ್ತವೆ. ಎತ್ತರದ ಕಟಾಂಜನದಿಂದಾಗಿ ಅವಳಿಗೆ ಹೊಳೆ ಕಾಣದಿದ್ದರೆ ಹತ್ತಿ ನಿಲ್ಲಲು ಒಂದು ಗಟ್ಟಿ ಮಣೆಯನ್ನು ಜೊತೆಗೆ ಒಯ್ಯಿರಿ, ಮತ್ತು ಮೊದಲು ಬೈನಾಕ್ಯುಲರನ್ನು ಅವಳ ಕೈಗೇ ಕೊಡಿ.